ನಿಮಗಿದು ಗೊತ್ತೇ? ವಿಹಾರ ದೋಣಿಯ ಕೊಳಚೆ ಹೋಗುವುದೆಲ್ಲಿಗೆ?

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ ತುಂಬಿದರೆ ಸುಮಾರು 51 ಟಿಎಂಸಿ ನೀರು. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್! ಬೆಳಗಾವಿ ನಗರಕ್ಕೆ ಕುಡಿಯಲು ಈ ನೀರೂ ಹೋಗುತ್ತದೆ. ಇಂಥ ಕಡೆ ಶೌಚಾಲಯವಿರುವ ದೋಣಿ ತೇಲಬೇಕಾದರೆ ಅದರ ಕೊಳಚೆಗೆ ಮೊದಲು ದಾರಿ ಆಗಬೇಕು.

ದೋಣಿಯ ಶೌಚಾಲಯಕ್ಕೆ ಸುರಿಯುವ ನೀರು ಬಹಳ ಕಡಿಮೆ. ಆದ್ದರಿಂದ ಅದರ ಟ್ಯಾಂಕಿನಲ್ಲಿ ನಿಲ್ಲುವ ಮಲಿನ ನೀರು ಊರ ಚರಂಡಿಯದಕ್ಕಿಂತ ಎಷ್ಟೋ ಪಟ್ಟು ಗಟ್ಟಿ.

ಹೊಲಸನ್ನು ಕರಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿನ್ನುತ್ತವೆ ಎಂಬುದೇ ಬಿಒಡಿ. ಊರ ಕೊಳಚೆಯಲ್ಲಿ ಇದು ಲೀಟರಿಗೆ 200ರಿಂದ 300 ಮಿಲಿಗ್ರಾಂ. ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ 3 ಮಿಲಿಗ್ರಾಂ ದಾಟಬಾರದು. ಒಂದು ಕೊಡ ಕೊಳಚೆಯನ್ನು ಆ ಮಟ್ಟಕ್ಕೆ ತರಲು ಸುಮಾರು 66ರಿಂದ 99 ಕೊಡ ಶುದ್ಧ ನೀರು ಬೇಕು.

‘ಅಷ್ಟು ದೊಡ್ಡ ಡ್ಯಾಮಿಗೆ ಇಷ್ಟರಿಂದ ಏನಾದೀತು?’ ಎನ್ನುವವರಿದ್ದಾರೆ. ಆದರೆ ದೋಣಿಗಳು ನಡುನೀರಿನಲ್ಲಿ ತಂಗುವುದಿಲ್ಲ. ಗಾಳಿ, ಅಲೆ ಕಡಿಮೆ ಇರುವ ದಡದ ಮೂಲೆ ಹುಡುಕುತ್ತವೆ. ನೀರು ಕದಲದೆ ನಿಲ್ಲುವುದು ಅಲ್ಲೇ. ಮಕ್ಕಳು ಈಜುವುದು, ದನ ನೀರು ಕುಡಿಯುವುದೂ ದಡದಲ್ಲೇ.

ಬೇಸಿಗೆಯಲ್ಲಿ ನೀರು 30 ಡಿಗ್ರಿಗೆ ಕಾದರೆ ಲೀಟರಿಗೆ ಏಳೂವರೆ ಮಿಲಿಗ್ರಾಂನಷ್ಟು ಆಮ್ಲಜನಕ ಮಾತ್ರ ಅದರಲ್ಲಿ ಕರಗಿರಬಲ್ಲದು. ಅದರಲ್ಲೂ ಕೊಳಚೆ ಪಾಲು ಕೇಳಿದರೆ ಮೀನಿಗೆ ಉಸಿರುಗಟ್ಟುತ್ತದೆ.

ಆಮ್ಲಜನಕ ನೀರಿಗೆ ಮರಳುವುದೂ ಉಂಟು. ಗೋಕಾಕ ಜಲಪಾತದಲ್ಲಿ ಘಟಪ್ರಭೆ 52 ಮೀಟರ್ ಧುಮುಕುವಾಗ ಗಾಳಿಯನ್ನು ನೀರಿಗೆ ಬೆರೆಸಿಕೊಳ್ಳುತ್ತದೆ. ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಯಂತ್ರಗಳು ಕರೆಂಟು ಸುಟ್ಟು ಮಾಡುವುದೂ ಇದನ್ನೇ. ಆದರೆ ಈ ಧುಮುಕಾಟದಿಂದ ರೋಗಾಣು ಸಾಯುವುದಿಲ್ಲ. ಬೇಸಿಗೆಯಲ್ಲಂತೂ ಅಲ್ಲಿ ಉಳಿಯುವುದು ಹೆಚ್ಚಾಗಿ ಬರಿಯ ಬಂಡೆ.

ಕೊಳಚೆಗೆ ಗಾಳಿ ಬೆರೆಸುವ ಈ ಯಂತ್ರವಿದ್ಯೆಗೆ ಕರ್ನಾಟಕದ ನಂಟಿದೆ. ಗಾಳಿ ಊದಿ, ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳಿಂದಲೇ ಕೊಳಚೆ ತಿನ್ನಿಸುವ ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಜಗತ್ತಿನ ದೊಡ್ಡ ನಗರಗಳು ಇಂದಿಗೂ ನೆಚ್ಚಿರುವ ವಿಧಾನವಿದು. ಇದನ್ನು ಬಲ್ಲವರು ಶತಮಾನದ ಹಿಂದೆಯೇ ನಮ್ಮ ನಡುವೆ ಇದ್ದರು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ದೋಣಿಯ ಟ್ಯಾಂಕಿಗೆ ವಾಸನೆ ತಡೆಯಲು ಹಾಕುವ ಕೆಲವು ಔಷಧಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಸಣ್ಣ ಶುದ್ಧೀಕರಣ ಘಟಕಕ್ಕೆ ಇದನ್ನು ಒಮ್ಮೆಗೇ ಸುರಿದರೆ ಕೊಳಚೆ ತಿನ್ನುವ ಆ ಸೂಕ್ಷ್ಮಜೀವಿಗಳೇ ಸಾಯುತ್ತವೆ.

ಸಮುದ್ರಯಾನದ ಅಂತರರಾಷ್ಟ್ರೀಯ ನಿಯಮ ಮಾರ್ಪೋಲ್ ಪ್ರಕಾರ, ಶುದ್ಧೀಕರಿಸದ ಕೊಳಚೆಯನ್ನು ಹಡಗು ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಆಚೆಗೆ ಮಾತ್ರ ಬಿಡಬಹುದು. ಹಿಡಕಲ್ ಹಿನ್ನೀರಿನಲ್ಲಿ ಎಲ್ಲಿ ನಿಂತರೂ ದಡ ಅಷ್ಟು ದೂರವಿಲ್ಲ!

ಅಮೆರಿಕದ ನಿಯಮ ಇನ್ನೂ ಬಿಗಿ. ಹೊರಗಿನಿಂದ ದೋಣಿ ಬಂದುಹೋಗಲಾಗದ ಸಿಹಿನೀರಿನ ಕೆರೆ, ಜಲಾಶಯಗಳಲ್ಲಿ ಶುದ್ಧೀಕರಿಸಿದ ಕೊಳಚೆಯನ್ನೂ ದೋಣಿಯಿಂದ ಬಿಡುವಂತಿಲ್ಲ. ಎಲ್ಲವೂ ಟ್ಯಾಂಕಿನಲ್ಲೇ ಉಳಿದು, ದಡದ ಪಂಪಿನ ಮೂಲಕವೇ ಹೊರಬರಬೇಕು. ನಮ್ಮ ಅಣೆಕಟ್ಟುಗಳಿಗೂ ಇದೇ ತಕ್ಕ ನಿಯಮ.

ಕೊಚ್ಚಿಯ ಬೋಲ್ಗಾಟಿ ದ್ವೀಪದ ಮರೀನಾದಲ್ಲಿ ವಿಹಾರ ನೌಕೆಗಳ ಕೊಳಚೆ ಎಳೆಯುವ ಪಂಪಿನ ಸೌಲಭ್ಯವಿದೆ. ಯಾಂತ್ರಿಕ ದೋಣಿಗಳು ಕೊಳಚೆ, ಎಣ್ಣೆ ಚೆಲ್ಲುವುದನ್ನು 2021ರ ಒಳನಾಡು ಹಡಗು ಕಾಯ್ದೆ ತಡೆಯುತ್ತದೆ. 1974ರ ಜಲಮಾಲಿನ್ಯ ಕಾಯ್ದೆಯಂತೂ ಹೊಳೆಗೆ ಹೊಲಸು ಸೇರಿಸುವ ಯಾರನ್ನೂ ಬಿಡುವುದಿಲ್ಲ, ಪುರಸಭೆಯಾದರೂ ಸರಿ, ದೋಣಿ ಮಾಲೀಕನಾದರೂ ಸರಿ.

ಘಟಪ್ರಭಾ ಪಕ್ಷಿಧಾಮ ಘೋಷಣೆಯಾದದ್ದೂ 1974ರಲ್ಲೇ. ಗೋಕಾಕ ತಾಲ್ಲೂಕಿನ ಧೂಪದಾಳದ ಒಡ್ಡಿನ ಹಿನ್ನೀರು ಇದರ ಜೀವಾಳ. ಸಂಕೇಶ್ವರದ ಬದಿಯಿಂದ ಹರಿದು ಬರುವ ಹಿರಣ್ಯಕೇಶಿ ಈ ಒಡ್ಡಿಗೆ ಮೊದಲೇ ಘಟಪ್ರಭೆಯನ್ನು ಸೇರುತ್ತದೆ. ಅಂದರೆ ಆ ಊರಿನ ಚರಂಡಿ ಹೊಳೆಗೆ ಬಿದ್ದರೆ ಹಕ್ಕಿಗಳ ನೀರಿಗೂ ಅದು ಬಂತು. ದೋಣಿಯನ್ನಷ್ಟೇ ದೂರಿ ಊರ ಚರಂಡಿಯನ್ನು ಮರೆಯುವುದು ನ್ಯಾಯವಲ್ಲ.

ಹುಕ್ಕೇರಿ ಸೀಮೆಯಲ್ಲಿ ನಿಂತ ನೀರು ಗೋಕಾಕ ದಾಟಿ, ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿಗಳ ಬದಿಯಲ್ಲಿ ಹರಿದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಮೇಲಿನವರು ಚೆಲ್ಲಿದ್ದು ಕೆಳಗಿನವರ ಹೊಲಕ್ಕೆ, ಬಿಂದಿಗೆಗೆ ಬರುತ್ತದೆ. ನಿಮ್ಮೂರ ದಡಕ್ಕೆ ವಿಹಾರ ದೋಣಿ ಬರುವ ಸುದ್ದಿ ಕೇಳಿದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ಟ್ಯಾಂಕ್ ಎಷ್ಟು ಲೀಟರಿನದು? ಅದನ್ನು ಖಾಲಿ ಮಾಡುವ ಪಂಪು ಎಲ್ಲಿ? ಆ ಕೊಳಚೆ ಯಾವ ಘಟಕಕ್ಕೆ ಹೋಗುತ್ತದೆ? ಉತ್ತರ ಬರಹದಲ್ಲಿ ಸಿಗುವವರೆಗೆ ಒಪ್ಪಿಗೆ ಕೊಡಬೇಡಿ.