ಮೂರು ತಿಂಗಳು ತುಂಬಲಿ ಎಂದು ಕಾಯಬೇಡಿ

ಮುಟ್ಟು ಬರಬೇಕಾದ ದಿನ ಕಳೆದು ವಾರವಾಗಿದೆ. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ, ಸಂಜೆ ಏಳಕ್ಕೇ ಕಣ್ಣು ಎಳೆಯುತ್ತದೆ. ಮನೆಯ ಹಿರಿಯರಿಗೆ ಅನುಮಾನ ಬಂದಿದೆ. ಆದರೆ ‘ಮೂರು ತಿಂಗಳು ತುಂಬಲಿ, ಆಮೇಲೆ ಡಾಕ್ಟರ ಹತ್ತಿರ ಹೋದರಾಯಿತು’ ಎನ್ನುತ್ತಾರೆ. ನೆಂಟರಿಷ್ಟರಿಗೆ ಹೇಳುವುದನ್ನು ಬೇಕಾದರೆ ಮೂರು ತಿಂಗಳು ತಡೆದುಕೊಳ್ಳಿ. ವೈದ್ಯರಿಂದ ಮಾತ್ರ ಮುಚ್ಚಿಡಬೇಡಿ. ಮೂರು ತಿಂಗಳು ತುಂಬುವ ಹೊತ್ತಿಗೆ ಮಗುವಿನ ಮುಖ್ಯ ಅಂಗಗಳೆಲ್ಲ ರೂಪುಗೊಂಡು ಆಗಿರುತ್ತದೆ.

ಬಸಿರಿನ ಲೆಕ್ಕ ಹಲವರಿಗೆ ಗೊಂದಲ. ವೈದ್ಯರು ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ನಿಜವಾಗಿ ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಹೀಗಾಗಿ ‘ಮುಟ್ಟು ತಪ್ಪಿ ಒಂದೇ ದಿನ’ ಎಂದು ನೀವು ಅಂದುಕೊಂಡಾಗ ಲೆಕ್ಕದಲ್ಲಿ ಆಗಲೇ ನಾಲ್ಕು ವಾರವಾಗಿರುತ್ತದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮುಟ್ಟಿನ ಮೊದಲ ದಿನಕ್ಕೂ ಒಂದು ಗುರುತು ಹಾಕಿಡಿ. ‘ಹಬ್ಬದ ಆಸುಪಾಸು ಆಗಿತ್ತು’ ಎಂಬ ಉತ್ತರದಿಂದ ಹೆರಿಗೆಯ ದಿನವನ್ನು ಹೇಳಲಾಗದು.

ಮೂತ್ರದ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಪರೀಕ್ಷೆಯ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರನ್ನೂ ಕೇಳಿ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಗೆರೆ ಮೂಡದಿದ್ದರೂ ಮುಟ್ಟು ಬಾರದಿದ್ದರೆ ವಾರ ಬಿಟ್ಟು ಮತ್ತೆ ನೋಡಿ. ಪರೀಕ್ಷೆ ಮಾಡದೆ ಅಂಗಡಿಯವನಿಂದ ‘ಮುಟ್ಟು ಬರಿಸುವ ಮಾತ್ರೆ’ ತಂದು ನುಂಗುವವರು ಈಗಲೂ ಇದ್ದಾರೆ. ದಯವಿಟ್ಟು ಈ ಸಾಹಸ ಬೇಡ.

ಮೊದಲ ವಾರಗಳು ಎಷ್ಟು ನಾಜೂಕು ಎಂಬುದನ್ನು ಜಗತ್ತು ಕಹಿಯಾಗಿಯೇ ಕಲಿಯಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೋಮೈಡ್ ಎಂಬ ನಿದ್ದೆಯ ಮಾತ್ರೆ ಮಾರುಕಟ್ಟೆಗೆ ಬಂತು. ಬಸುರಿಯರ ವಾಕರಿಕೆಗೂ ಅದನ್ನು ಕೊಟ್ಟರು. ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹಲವು ದೇಶಗಳಲ್ಲಿ ಹುಟ್ಟಿದವು. 1961ರ ನವೆಂಬರಿನಲ್ಲಿ ಅಲ್ಲಿ ಮಾತ್ರೆಯನ್ನು ಹಿಂತೆಗೆದುಕೊಂಡರು. ಆ ಮಾತ್ರೆ ಅಂಗಗಳಿಗೆ ಹಾನಿ ಮಾಡಿದ್ದು ಮುಖ್ಯವಾಗಿ ಕೊನೆಯ ಮುಟ್ಟಿನಿಂದ ಎಣಿಸಿ ಸುಮಾರು 34ರಿಂದ 50ನೇ ದಿನದೊಳಗೆ. ಅಷ್ಟು ದಿನಕ್ಕೆ ಎಷ್ಟೋ ಹೆಂಗಸರಿಗೆ ತಾವು ಬಸಿರೆಂದೇ ಖಚಿತವಾಗಿರುವುದಿಲ್ಲ!

ಹಾಗೆಂದು ಎಲ್ಲ ಔಷಧಿಯೂ ವಿಷವಲ್ಲ. ಫಿಟ್ಸ್, ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು. ಅದೇ ದಿನ ವೈದ್ಯರನ್ನು ಕೇಳಬೇಕು. ಕೆಲವನ್ನು ಬದಲಿಸಬೇಕಾಗುತ್ತದೆ, ಥೈರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನಂತೂ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ರೂಢಿ ಇದ್ದರೆ ಅದನ್ನು ಬಿಡುವ ದಿನ ಇದೇ.

ಇನ್ನು ಫೋಲಿಕ್ ಆಮ್ಲ. ಮೆದುಳು, ಬೆನ್ನುಹುರಿಗಳಾಗುವ ನರನಾಳ ಗರ್ಭ ಕಟ್ಟಿದ 28 ದಿನಗಳಲ್ಲಿ, ಅಂದರೆ ಮುಟ್ಟು ತಪ್ಪಿ ಎರಡೇ ವಾರಕ್ಕೆ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ನೆರವಾಗುತ್ತದೆ. ಮಗು ಬೇಕೆಂದು ನಿರ್ಧರಿಸಿದಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಆರಂಭಿಸಿ 12 ವಾರದವರೆಗೆ ಮುಂದುವರಿಸುವುದು ಉತ್ತಮ. ಹಿಂದಿನ ಮಗುವಿಗೆ ನರನಾಳದ ದೋಷವಿದ್ದವರಿಗೆ, ಫಿಟ್ಸ್ ಔಷಧಿಯಲ್ಲಿರುವವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಹರಿವೆ ಸೊಪ್ಪು, ಹೆಸರುಕಾಳು ಧಾರಾಳವಾಗಿ ತಿನ್ನಿ. ಆದರೆ ಮಾತ್ರೆಯ ಬದಲಿಗೆ ಅಲ್ಲ. ಕಬ್ಬಿಣಾಂಶದ ಮಾತ್ರೆ ಸಾಮಾನ್ಯವಾಗಿ ನಾಲ್ಕನೆಯ ತಿಂಗಳಿಂದ.

ವಾಕರಿಕೆ ಸಾಮಾನ್ಯವಾಗಿ ಆರನೇ ವಾರದ ಸುಮಾರಿಗೆ ಶುರುವಾಗಿ, ಒಂಬತ್ತನೆಯ ವಾರದ ಹೊತ್ತಿಗೆ ಜೋರಾಗಿ, ಹದಿನಾರರೊಳಗೆ ಹೆಚ್ಚಿನವರಿಗೆ ಇಳಿಯುತ್ತದೆ. ಬೆಳಿಗ್ಗೆಯೇ ಬರಬೇಕೆಂದೇನೂ ಇಲ್ಲ. ಏಳುವ ಮೊದಲು ಹಾಸಿಗೆಯಲ್ಲೇ ಒಂದು ಹಿಡಿ ಮಂಡಕ್ಕಿ ಅಥವಾ ರಸ್ಕ್ ತಿಂದು ನೋಡಿ. ಊಟವನ್ನು ಐದಾರು ಸಲಕ್ಕೆ ಹಂಚಿಕೊಳ್ಳಿ. ಶುಂಠಿ ಕೆಲವರಿಗೆ ಹಿಡಿಸುತ್ತದೆ. ಒಗ್ಗರಣೆಯ ಕೆಲಸವನ್ನು ಒಂದೆರಡು ತಿಂಗಳು ಗಂಡನಿಗೆ ವಹಿಸಿದರೆ ಯಾವ ನಷ್ಟವೂ ಇಲ್ಲ. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ ‘ಬಸಿರಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಿರಬೇಡಿ. ಸುರಕ್ಷಿತ ಔಷಧಿಗಳಿವೆ. ವಾಕರಿಕೆಯೇ ಇಲ್ಲವೆಂದು ಹೆದರುವವರೂ ಇದ್ದಾರೆ. ಹೆದರಬೇಡಿ, ನೀವು ಅದೃಷ್ಟವಂತರು.

ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸುತ್ತದೆ. ಅವರಲ್ಲಿ ಬಹಳಷ್ಟು ಮಂದಿಯ ಬಸಿರು ಚೆನ್ನಾಗಿಯೇ ಮುಂದುವರಿಯುತ್ತದೆ. ಆದರೂ ತೋರಿಸಬೇಕು. ಕಿಬ್ಬೊಟ್ಟೆಯ ಒಂದೇ ಕಡೆ ತೀವ್ರ ನೋವು, ತಲೆಸುತ್ತು, ಹೆಗಲ ತುದಿಯಲ್ಲಿ ನೋವು ಇದ್ದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೊರಡಿ. ಭ್ರೂಣ ಗರ್ಭಕೋಶದಲ್ಲಿರದೆ ಗರ್ಭನಾಳದಲ್ಲಿ ಬೆಳೆಯುತ್ತಿದ್ದು, ನಾಳ ಒಡೆದರೆ ಒಳಗೇ ರಕ್ತಸ್ರಾವವಾಗಿ ತಾಯಿಯ ಪ್ರಾಣಕ್ಕೇ ಅಪಾಯ. ನೂರರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಮೂರು ತಿಂಗಳು ಕಾಯೋಣ ಎನ್ನುವವರ ಬಗ್ಗೆ ನನಗೆ ಅಳುಕು ಹುಟ್ಟುವುದು ಮುಖ್ಯವಾಗಿ ಇದರಿಂದಲೇ.

ಗರ್ಭ ಇಳಿದುಹೋದರೆ ಹೆಂಗಸಿನ ಮೇಲೆ ಗೂಬೆ ಕೂರಿಸುವುದು ನಮ್ಮಲ್ಲಿ ಸುಲಭ. ಮೆಟ್ಟಿಲು ಹತ್ತಿದಳು, ಬಸ್ಸಿನಲ್ಲಿ ಹೋದಳು, ಪರಂಗಿ ಹಣ್ಣು ತಿಂದಳು ಎಂದೆಲ್ಲ. ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಇರುವ ದೋಷ. ಮೆಟ್ಟಿಲಿಗೂ ಅದಕ್ಕೂ ಸಂಬಂಧವಿಲ್ಲ. ಪರಂಗಿಯ ಹಸಿ ಕಾಯಿ ಬೇಡ. ಚೆನ್ನಾಗಿ ಕಳಿತ ಹಣ್ಣನ್ನು ಹಿತಮಿತವಾಗಿ ತಿಂದದ್ದರಿಂದ ಗರ್ಭ ಹೋಯಿತೆನ್ನಲು ಆಧಾರವಿಲ್ಲ.

ಮೊದಲ ಭೇಟಿಯಲ್ಲೇ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಎಚ್‌ಐವಿ ಮೊದಲಾದುವನ್ನು ನೋಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 12 ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಹೋಗುವಾಗ ಮುಟ್ಟಿನ ತಾರೀಖು ಬರೆದ ಚೀಟಿಯ ಜೊತೆಗೆ, ನೀವು ನುಂಗುತ್ತಿರುವ ಮಾತ್ರೆಗಳನ್ನೆಲ್ಲ, ನಾಟಿ ಔಷಧಿಯ ಪುಡಿಯೂ ಸೇರಿ, ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.