ಮನೆಯ ಗೋಡೆಯೇ ಗ್ಯಾಲರಿ

ನೀವು ಬರೆದ ಚಿತ್ರ.
ಯಾವ ಗ್ಯಾಲರಿಯೂ ಅದನ್ನ ಗೋಡೆಗೆ ಹಾಕೋಕೆ ಒಪ್ಪಲ್ಲ.
ಏನು ಮಾಡ್ತೀರಿ?

1969. ನ್ಯೂಯಾರ್ಕಿನ ಸೋಹೊ.
ಚಾರ್ಲ್ಸ್ ಲೆಸ್ಲಿ, ಫ್ರಿಟ್ಜ್ ಲೋಮನ್
ಅಂತ ಒಂದು ಗೇ ಜೋಡಿ.
ಇವರು ತಮ್ಮ ಮನೆಯ ಗೋಡೆಗಳನ್ನೇ ಬಿಟ್ಟುಕೊಟ್ರು.
ಗೇ ಕಲಾವಿದರ ಚಿತ್ರ ತಂದು ತೂಗುಹಾಕಿದ್ರು.
ಬನ್ನಿ, ನೋಡಿ ಅಂದ್ರು.
ಜನ ಬಂದ್ರು!

ಆಮೇಲೆ ಬಂತು 80ರ ದಶಕ.
ಏಡ್ಸ್.
ಒಬ್ಬರ ಹಿಂದೆ ಒಬ್ಬರು ಕಲಾವಿದರು ತೀರಿಕೊಂಡ್ರು.
ಕೆಲವರ ಮನೆಯವರು,
ನಾಚಿಕೆಗೋ ಸಿಟ್ಟಿಗೋ,
ಆ ಚಿತ್ರಗಳನ್ನ ಬಿಸಾಡೋಕೆ ಹೊರಟ್ರು.

ಊರಿಗೆ ನೆರೆ ನುಗ್ಗಿದಾಗ
ರೈತ ಬಿತ್ತನೆ ಬೀಜದ ಚೀಲನ ಅಟ್ಟಕ್ಕೆ ಏರಿಸ್ತಾನಲ್ಲ?
ಹಾಗೇ ಲೆಸ್ಲಿ, ಲೋಮನ್ ಆ ಚಿತ್ರಗಳನ್ನ ಎತ್ತಿಟ್ಟುಕೊಂಡ್ರು.
ನನ್ನ ಪ್ರಕಾರ,
ಇವರು ಮಾಡಿದ ಅತಿ ದೊಡ್ಡ ಕೆಲಸ ಇದೇ.

1987ರಲ್ಲಿ ಒಂದು ಫೌಂಡೇಶನ್ ಕಟ್ಟಿದ್ರು.
ಹೆಸರಲ್ಲಿ 'ಗೇ' ಅನ್ನೋ ಪದ ಇತ್ತು.
ಅದಕ್ಕೇ ತೆರಿಗೆ ಇಲಾಖೆ ತಕರಾರು ತೆಗೀತು.
ಲಾಭರಹಿತ ಸಂಸ್ಥೆ ಅನ್ನೋ ಮಾನ್ಯತೆಗೆ ಹಾಕಿದ ಅರ್ಜಿ
ವರ್ಷಗಟ್ಟಲೆ ಅಲ್ಲೇ ಕೂತಿತ್ತು.
ಇವರು ಬಿಡಲಿಲ್ಲ.
1990ರಲ್ಲಿ ಮಾನ್ಯತೆ ಸಿಕ್ತು.
ಫೌಂಡೇಶನ್ನಿನ ಗ್ಯಾಲರಿ ಮೊದಲು ನಡೆದಿದ್ದು
ಪ್ರಿನ್ಸ್ ಸ್ಟ್ರೀಟಿನ ಒಂದು ನೆಲಮಾಳಿಗೆಯಲ್ಲಿ.

2016ರಲ್ಲಿ ಅದೇ ಗ್ಯಾಲರಿ
ಅಧಿಕೃತವಾಗಿ ಮ್ಯೂಸಿಯಂ ಆಯ್ತು.
ಲೆಸ್ಲಿ-ಲೋಮನ್ ಮ್ಯೂಸಿಯಂ.

ಮೊದಮೊದಲು ಅಲ್ಲಿ ಕಾಣ್ತಿದ್ದಿದ್ದು
ಹೆಚ್ಚಾಗಿ ಗೇ ಗಂಡಸರ ಕೆಲಸ.
ಆ ಕೊರತೆಯನ್ನೂ ಹೇಳಲೇಬೇಕು.
ಈಗ ಲೆಸ್ಬಿಯನ್ ಕಲಾವಿದೆಯರು,
ಟ್ರಾನ್ಸ್ ಕಲಾವಿದರು,
ಎಲ್ಲರ ಕೆಲಸಕ್ಕೂ ಅಲ್ಲಿ ಗೋಡೆ ಇದೆ.

ನ್ಯೂಯಾರ್ಕಿನಲ್ಲಿರೋ ಕನ್ನಡಿಗರೇ,
ವೂಸ್ಟರ್ ಸ್ಟ್ರೀಟ್, ನಂಬರ್ 26.
ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ.
ಪ್ರತಿ ಚಿತ್ರದ ಪಕ್ಕದ ಚೀಟಿಯಲ್ಲಿರೋ
ಕಲಾವಿದರ ಹೆಸರನ್ನೂ ಓದಿ.