ದುಡಿಮೆಗೆ ತಕ್ಕ ಊಟ: ತೂಕ ಇಳಿಸಲು ಮನೆಯಲ್ಲೇ ಮಾಡಬಹುದಾದ ಬದಲಾವಣೆಗಳು



ಉಳುಮೆಯ ಕಾಲದಲ್ಲಿ ಎತ್ತಿಗೆ ಹುರುಳಿ ಬೇಯಿಸಿ ಹಾಕುವುದು ನಮ್ಮ ಹಿರಿಯರ ವಾಡಿಕೆ. ಬೇಸಿಗೆಯಲ್ಲಿ ಎತ್ತು ಕೊಟ್ಟಿಗೆಯಲ್ಲೇ ನಿಂತಾಗ ಹುರುಳಿ ನಿಲ್ಲುತ್ತಿತ್ತು, ಹುಲ್ಲು ಸಾಕಾಗುತ್ತಿತ್ತು. ದುಡಿಮೆಗೆ ತಕ್ಕ ಮೇವು ಎಂಬ ಈ ಲೆಕ್ಕವನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಸ್ವಂತ ಊಟದ ವಿಷಯದಲ್ಲಿ ಇದೇ ಲೆಕ್ಕವನ್ನು ನಾವು ಮರೆತಿದ್ದೇವೆ.

ಇಂದು ನೇಗಿಲಿನ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ. ನೀರು ಹಾಯಿಸಲು ಮೋಟಾರಿನ ಗುಂಡಿ ಒತ್ತಿದರೆ ಸಾಕು. ಹೊಲಕ್ಕೆ ಹೋಗಲು ಬೈಕ್ ಇದೆ. ದುಡಿಮೆ ಹಗುರವಾಯಿತು, ಮುದ್ದೆಯ ಗಾತ್ರ ಮಾತ್ರ ಹಾಗೆಯೇ ಉಳಿಯಿತು. ಅದರ ಮೇಲೆ ಚಹಾ, ಬೋಂಡ, ಮಿಕ್ಸ್ಚರ್ ಸೇರಿಕೊಂಡವು. ಹಳ್ಳಿಗಳಲ್ಲೂ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿ ನೋವು ಹೆಚ್ಚುತ್ತಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಶಕ್ತಿಯ ಲೆಕ್ಕ

ಆಹಾರದಿಂದ ದೊರೆಯುವ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನೀಡಿದ ಶಿಫಾರಸಿನಂತೆ, 65 ಕಿಲೋ ತೂಕದ ಗಂಡಸು ಕಠಿಣ ದುಡಿಮೆ ಮಾಡುವುದಾದರೆ ದಿನಕ್ಕೆ 3,470 ಕ್ಯಾಲೊರಿ ಬೇಕು. ಮಧ್ಯಮ ದುಡಿಮೆಗೆ 2,710, ಕುಳಿತು ಮಾಡುವ ಕೆಲಸಕ್ಕೆ 2,110 ಸಾಕು. 55 ಕಿಲೋ ತೂಕದ ಹೆಂಗಸಿಗೆ ಈ ಪ್ರಮಾಣ ಕ್ರಮವಾಗಿ 2,720, 2,130 ಮತ್ತು 1,660. ಕಠಿಣ ದುಡಿಮೆ ಬಿಟ್ಟು ಕುಳಿತು ಕೆಲಸ ಮಾಡುವ ಗಂಡಸು ಮೊದಲಿನಷ್ಟೇ ಉಂಡರೆ ದಿನಕ್ಕೆ 1,360 ಕ್ಯಾಲೊರಿ ಹೆಚ್ಚಾಗುತ್ತದೆ. ಖರ್ಚಾಗದ ಈ ಶಕ್ತಿ ಕೊಬ್ಬಾಗಿ ಮೈಯಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ ಶೇಖರವಾಗುತ್ತದೆ.

ರಾಗಿ ತಿಂದರೆ ತೂಕ ಇಳಿಯುವುದೇ?

2023ನೇ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದ ಮೇಲೆ ಅನೇಕರು ಈ ಪ್ರಶ್ನೆ ಕೇಳುತ್ತಿದ್ದಾರೆ. ರಾಗಿ ಬೆಳೆಯ ಮೇಲೆ ಎಷ್ಟೇ ಅಭಿಮಾನವಿದ್ದರೂ ನಿಜವನ್ನು ಹೇಳಲೇಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ; ಅಷ್ಟೇ ತೂಕದ ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ಬಹಳ ಕಡಿಮೆ. ಆದರೆ ರಾಗಿಯಲ್ಲಿ ನಾರಿನಂಶ ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 3 ಗ್ರಾಂ. ನಾರು ಹೆಚ್ಚಿದ್ದರೆ ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಮತ್ತೆ ಹಸಿವಾಗುವುದು ತಡವಾಗುತ್ತದೆ.

ಆದ್ದರಿಂದ ಅಕ್ಕಿಗೆ ಬದಲಾಗಿ ರಾಗಿ ಬಳಸಿರಿ, ಆದರೆ ಮುದ್ದೆಯ ಗಾತ್ರವನ್ನೂ ಕಡಿಮೆ ಮಾಡಿರಿ. 150 ಗ್ರಾಂ ಹಿಟ್ಟಿನ ಮುದ್ದೆ 480 ಕ್ಯಾಲೊರಿ ಕೊಟ್ಟರೆ, 100 ಗ್ರಾಂ ಹಿಟ್ಟಿನದು 320 ಕೊಡುತ್ತದೆ. ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ತೌಡನ್ನು ಚೆಲ್ಲಬೇಡಿರಿ; ನಾರು ಇರುವುದು ಅದರಲ್ಲೇ. ಸಕ್ಕರೆ ಬೆರೆಸಿದ ರಾಗಿ ಮಾಲ್ಟ್, ರಾಗಿ ಬಿಸ್ಕತ್ತುಗಳಲ್ಲಿ ರಾಗಿಯ ಹೆಸರಿದ್ದರೂ ತೂಕ ಇಳಿಸುವ ಗುಣವಿಲ್ಲ. ಜೋಳದ ರೊಟ್ಟಿ ಉಣ್ಣುವ ಕಡೆಯೂ ಇದೇ ಮಾತು: ರೊಟ್ಟಿ ಒಂದು ಕಡಿಮೆಯಾಗಲಿ, ಪಲ್ಯ ಹೆಚ್ಚಾಗಲಿ.

ಬದಲಿಸಬಹುದಾದ ನಾಲ್ಕು ಅಭ್ಯಾಸಗಳು

1. ಚಹಾ ಮತ್ತು ಕಾಫಿ: ದಿನಕ್ಕೆ 5 ಲೋಟ, ಲೋಟಕ್ಕೆ 2 ಚಮಚ ಸಕ್ಕರೆ ಎಂದರೆ 50 ಗ್ರಾಂ, ಅಂದರೆ 200 ಕ್ಯಾಲೊರಿ. 2 ಲೋಟಕ್ಕೆ ಇಳಿಸಿ, ಒಂದೊಂದೇ ಚಮಚ ಹಾಕಿಕೊಂಡರೆ 40 ಕ್ಯಾಲೊರಿ. ಉಳಿತಾಯ 160. ಬೆಲ್ಲ ಹಾಕಿದರೆ ತೊಂದರೆಯಿಲ್ಲ ಎಂಬುದು ತಪ್ಪು ತಿಳಿವಳಿಕೆ. ಬೆಲ್ಲದಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಶಕ್ತಿ ಇದೆ. ಉಳಿದ ಹೊತ್ತಿನಲ್ಲಿ ಬೆಣ್ಣೆ ತೆಗೆದ ನೀರು ಮಜ್ಜಿಗೆ ಕುಡಿಯಿರಿ.

2. ಅಡುಗೆ ಎಣ್ಣೆ: 1 ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇದೆ, ಹಿಟ್ಟು, ಸಕ್ಕರೆಗಳಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಐದು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಖರ್ಚಾಗುತ್ತಿದ್ದರೆ ಅದನ್ನು 3 ಲೀಟರಿಗೆ ಇಳಿಸಿರಿ. ತಲೆಗೆ ದಿನಕ್ಕೆ ಸುಮಾರು 110 ಕ್ಯಾಲೊರಿ ಕಡಿಮೆಯಾಗುತ್ತದೆ. ಎಣ್ಣೆಯನ್ನು ಡಬ್ಬದಿಂದ ನೇರವಾಗಿ ಸುರಿಯದೆ ಚಮಚದಲ್ಲಿ ಅಳೆದು ಹಾಕುವುದೇ ಇದಕ್ಕೆ ಸುಲಭ ಉಪಾಯ. ಬಸ್ಸಾರು, ಉಪ್ಸಾರುಗಳಿಗೆ ಎಣ್ಣೆ ಹೇಗೂ ಕಡಿಮೆ ಸಾಕು.

3. ಸಂಜೆಯ ತಿಂಡಿ: 50 ಗ್ರಾಂ ಮಿಕ್ಸ್ಚರ್‌ನಲ್ಲಿ ಸುಮಾರು 250 ಕ್ಯಾಲೊರಿ ಇದೆ. ಬದಲಿಗೆ 30 ಗ್ರಾಂ ಹುರುಳಿ ಅಥವಾ ಅಲಸಂದೆಯನ್ನು ನೆನೆಸಿ ಬೇಯಿಸಿ ಉಸಲಿ ಮಾಡಿಕೊಂಡರೆ ಸುಮಾರು 100 ಕ್ಯಾಲೊರಿ. ಜೊತೆಗೆ ಸೌತೆಕಾಯಿ ತಿನ್ನಿರಿ. ಕಡಲೆಕಾಯಿ ಒಳ್ಳೆಯ ಆಹಾರವೇ ಆದರೂ ಎಣ್ಣೆಕಾಳು. ಒಂದು ಹಿಡಿಗೆ ನಿಲ್ಲಿಸಿರಿ.

4. ಮುದ್ದೆಯ ನಂತರದ ಅನ್ನ: 100 ಗ್ರಾಂ ಅಕ್ಕಿಯ ಅನ್ನ ಉಣ್ಣುವವರು 50 ಗ್ರಾಂಗೆ ಇಳಿಸಿ, ಆ ಜಾಗದಲ್ಲಿ ಸೊಪ್ಪಿನ ಪಲ್ಯ ಹಾಕಿಕೊಳ್ಳಿರಿ. ದಂಟು, ಹೊನಗೊನೆ, ಸೋರೆ, ಹೀರೆ ಯಾವುದಾದರೂ ಆದೀತು. ಇವುಗಳಲ್ಲಿ ನೀರಿನಂಶವೇ ಹೆಚ್ಚು. ತೆಂಗಿನ ತುರಿಯನ್ನು ಮಾತ್ರ ಕೈ ಬಿಗಿ ಹಿಡಿದು ಹಾಕಬೇಕು.

ಎಲ್ಲವನ್ನೂ ಒಂದೇ ದಿನ ಬದಲಿಸಬೇಕಾಗಿಲ್ಲ. ಮೊದಲ ಎರಡನ್ನೇ ಪಾಲಿಸಿದರೂ ದಿನಕ್ಕೆ 270, ತಿಂಗಳಿಗೆ 8,100 ಕ್ಯಾಲೊರಿ ಉಳಿಯುತ್ತದೆ. ಮೈಯ 1 ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ ಆರಂಭದಲ್ಲಿ ತಿಂಗಳಿಗೆ ಸುಮಾರು 1 ಕಿಲೋ ಇಳಿಯಬಹುದು. ತೂಕ ಇಳಿದಂತೆ ಮೈಗೆ ಬೇಕಾಗುವ ಶಕ್ತಿಯೂ ತಗ್ಗುವುದರಿಂದ ಮುಂದೆ ಇಳಿಕೆ ನಿಧಾನವಾಗುತ್ತದೆ. ಇದರಿಂದ ನಿರಾಶರಾಗಬಾರದು.

ಯಾರು ಕಡಿಮೆ ಮಾಡಬಾರದು?

ಈ ಮಾತನ್ನು ವಿಶೇಷವಾಗಿ ಗಮನಿಸಿರಿ. ಬೆಳೆಯುವ ಮಕ್ಕಳು, ಬಸುರಿಯರು, ಬಾಣಂತಿಯರು, ನಾಟಿ, ಕಳೆ, ಕೊಯ್ಲು ಮುಂತಾದ ಮೈಮುರಿಯುವ ಕೆಲಸ ಮಾಡುವವರು ಊಟ ಕಡಿತ ಮಾಡಕೂಡದು. ಅನೇಕ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಹೆಂಗಸರು ಉಣ್ಣುತ್ತಾರೆ. ಯಜಮಾನನ ತೂಕ ಇಳಿಸುವ ನೆಪದಲ್ಲಿ ಅವರ ಪಾಲಿನ ಕಾಳು, ಹಾಲು ಕಡಿಮೆಯಾಗದಂತೆ ನೋಡಿಕೊಳ್ಳಿರಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಲೇ ಊಟ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅಂಥವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಅಳತೆ ಹೇಗೆ?

ತಕ್ಕಡಿ ಇಲ್ಲದಿದ್ದರೂ ಬಟ್ಟೆ ಅಳೆಯುವ ಟೇಪು ಸಾಕು. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ತಿಂಗಳಿಗೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ.

ಮೇಲೆ ಹೇಳಿದ ಸೊಪ್ಪು, ಕಾಯಿ, ಕಾಳುಗಳೆಲ್ಲ ನಿಮ್ಮ ಹೊಲದಲ್ಲೇ ಬೆಳೆಯುವಂಥವು. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಮಡಿ ಸೊಪ್ಪು, ಬೇಲಿಗೆ ಹೀರೆ ಬಳ್ಳಿ, ರಾಗಿಯ ನಡುವೆ ಅವರೆ ಮತ್ತು ಅಲಸಂದೆಯ ಸಾಲು ಹಾಕಿರಿ. ಎತ್ತಿಗೆ ಹಾಕಿದ ಲೆಕ್ಕವನ್ನು ಇನ್ನು ಮುಂದೆ ನಿಮ್ಮ ತಟ್ಟೆಗೂ ಹಾಕಿರಿ.